ಬೀಗರ ಗಾಡಿಯನ್ನು ಕಲೆಯಿಲ್ಲದಂತೆ ತೊಳೆದ ವೃತ್ತಾಂತ

ಮೋಟರ್ ಸೈಕಲ್ ತೊಳೆಯುವುದು ಒಂದು ವಿದ್ಯೆ ಎಂದು ಯಾರಾದರೂ ಹೇಳಿದ್ದರೆ ಕಳೆದ ಮಾರ್ಚ್ ತಿಂಗಳವರೆಗೆ ನಾನು ನಕ್ಕುಬಿಡುತ್ತಿದ್ದೆ. ಬಕೆಟ್ಟು ಇದೆ, ನೀರು ಇದೆ, ಎರಡು ಕೈ ಇವೆ. ಎಮ್ಮೆಯ ಮೈ ತೊಳೆಯುವವನಿಗೆ ಯಾರಾದರೂ ತರಬೇತಿ ಕೊಡುತ್ತಾರೆಯೇ? ಎಮ್ಮೆಯಾದರೂ ಬಾಲ ಬೀಸುತ್ತದೆ. ಗಾಡಿ ಅದನ್ನೂ ಮಾಡುವುದಿಲ್ಲ. ಮೇಲಾಗಿ ನಾನು ಮೂವತ್ತೆರಡು ವರ್ಷ ರಾಣೆಬೆನ್ನೂರಿನ ಹೈಸ್ಕೂಲೊಂದರಲ್ಲಿ ವಿಜ್ಞಾನ ಕಲಿಸಿ ನಿವೃತ್ತನಾದವನು. ‘ಗಡಸು ನೀರು ಮತ್ತು ಮೆದು ನೀರು’ ಎಂಬ ಪಾಠವನ್ನು ಕಣ್ಣು ಮುಚ್ಚಿ ಹೇಳಬಲ್ಲೆ. ಕಣ್ಣು ಮುಚ್ಚಿಯೇ ಹೇಳುತ್ತಿದ್ದೆ ಎಂದು ಹಳೆಯ ವಿದ್ಯಾರ್ಥಿಗಳು ಹೇಳುತ್ತಾರೆ. ಅದಿರಲಿ.

ಗಾಡಿ ನನ್ನದಾಗಿರಲಿಲ್ಲ. ಅನಾಹುತದ ಬೀಜ ಅಲ್ಲಿಯೇ ಇತ್ತು.

ನನ್ನ ಮಗಳು ಗೌರಿಯನ್ನು ಬ್ಯಾಡಗಿಗೆ ಕೊಟ್ಟಿದ್ದೇವೆ. ಅವಳ ಮಾವ, ಅಂದರೆ ನನ್ನ ಬೀಗರಾದ ಚನ್ನಬಸಪ್ಪನವರು, ಮೆಣಸಿನಕಾಯಿ ವ್ಯಾಪಾರಸ್ಥರು. ಬಿಳಿ ಅಂಗಿ, ಬಿಳಿ ಧೋತರ. ಇನ್ನೊಂದು ಬಣ್ಣವನ್ನು ಅವರು ಮೈಮೇಲೆ ಹಾಕಿದ್ದನ್ನು ಕಂಡವರಿಲ್ಲ. ನಲವತ್ತು ವರ್ಷ ಕೆಂಪು ಮೆಣಸಿನಕಾಯಿ ಚೀಲಗಳ ನಡುವೆ ಓಡಾಡಿದರೂ ಆ ಧೋತರಕ್ಕೆ ಒಂದು ಕೆಂಪು ಚುಕ್ಕೆ ತಗುಲಿಲ್ಲವೆಂಬುದು ಬ್ಯಾಡಗಿ ಪೇಟೆಯಲ್ಲಿ ಜನ ಮಕ್ಕಳಿಗೆ ಹೇಳುವ ಸಂಗತಿ. ಅವರ ಎರಡನೆಯ ಹೆಮ್ಮೆ ಅವರ ಕರಿ ಬಣ್ಣದ ಮೋಟರ್ ಸೈಕಲ್ಲು. ಅದಕ್ಕೆ ಮೂವತ್ತು ವರ್ಷ ವಯಸ್ಸು. ನೋಡಿದರೆ ಮೊನ್ನೆ ಹುಟ್ಟಿದಂತಿದೆ. ದಿನಾ ಬೆಳಿಗ್ಗೆ ಅವರು ದೇವರಿಗೆ ಕೈಮುಗಿಯುವ ಮೊದಲು ಗಾಡಿ ಒರೆಸುತ್ತಾರೆ. ದೇವರು ಈ ವ್ಯವಸ್ಥೆಗೆ ಒಪ್ಪಿಕೊಂಡಂತಿದೆ.

ಮಾರ್ಚಿನಲ್ಲಿ ಗೌರಿಗೆ ಏಳು ತಿಂಗಳು ತುಂಬುವುದಿತ್ತು. ನಮ್ಮ ಮನೆಯಲ್ಲಿ ಕುಬಸ, ಅಂದರೆ ಸೀಮಂತ, ಮಾಡುವುದು, ಆಮೇಲೆ ಅವಳನ್ನು ಹೆರಿಗೆಗೆ ಇಲ್ಲಿಯೇ ಇಟ್ಟುಕೊಳ್ಳುವುದು ಎಂದು ನಾವು ಮಾತಾಡಲು ಹೋದೆವು. ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕೆಂಬುದು ನಮ್ಮ ಕಡೆಯ ಪದ್ಧತಿ. ಬೀಗರು ಕುಬಸಕ್ಕೆ ಹೂಂ ಎಂದರು. ಹೆರಿಗೆಯ ಮಾತು ಬಂದಾಗ ಗಂಟಲು ಸರಿಮಾಡಿಕೊಂಡರು.

“ಪದ್ಧತಿ ಖರೇನ ಐತ್ರಿ ಬೀಗರ. ಆದ್ರ ನಂಗ ಆ ಛತ್ರಿ ನೆನಪಾಗತೈತಿ.”

ಛತ್ರಿಯ ಇತಿಹಾಸವನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. ನಿಶ್ಚಯದ ದಿನ ಮಳೆ ಬಂತು, ಬೀಗರು ತಮ್ಮ ಛತ್ರಿಯನ್ನು ನನಗೆ ಕೊಟ್ಟರು. ನಾನು ಅದನ್ನು ಕಾಗಿನೆಲೆಯಿಂದ ಬರುವ ಬಸ್ಸಿನಲ್ಲಿ ಬಿಟ್ಟು ಇಳಿದೆ. ಅದು ಇಂದಿಗೂ ಟಿಕೆಟ್ಟಿಲ್ಲದೆ ಪ್ರಯಾಣ ಮಾಡುತ್ತಿರಬಹುದು.

“ಛತ್ರಿ ಬ್ಯಾರೆ, ಮಗಳು ಬ್ಯಾರೆ ಅಲ್ರಿ?” ಎಂದೆ.

“ಸಂಬಾಳಸೂ ಕೈ ಒಂದ ಅಲ್ರಿ?” ಎಂದರು ಬೀಗರು. ಹತ್ತು ಜನ ಕೂತಿದ್ದರು. ಬೀಗರಿಗೇ ಆ ಮಾತು ಸ್ವಲ್ಪ ಗಟ್ಟಿಯಾಯಿತೆನಿಸಿರಬೇಕು. ತಾವೇ ದಾರಿ ತೋರಿಸಿದರು. “ನಿಮ್ಮ ಸ್ಕೂಟರ್ ಕೆಟ್ಟ ಕುಂತೈತಿ ಅಂದ್ರಿ. ಕುಬಸಕ್ಕ ಹೇಳಾಕ ಊರೂರು ತಿರಗಬೇಕು. ನನ್ನ ಗಾಡಿ ಒಯ್ರಿ. ಕುಬಸದ ದಿನ ನಾನ ಬಂದು ಇಸಗೋತೀನಿ. ಹೆಂಗ ಕೊಟ್ಟೇನೋ ಹಂಗ ತಿರುಗಿ ಬಂತಂದ್ರ, ಗೌರಿ ನಿಮ್ಮಲ್ಲೇ ಇರ್ಲಿ. ಇಲ್ಲಂದ್ರ ಹೆರಿಗಿ ಬ್ಯಾಡಗ್ಯಾಗ.”

ಹೀಗೆ ನನ್ನ ಹುಟ್ಟಲಿರುವ ಮೊಮ್ಮಗುವಿನ ಭವಿಷ್ಯವನ್ನು ಎರಡು ಚಕ್ರಗಳ ಮೇಲೆ ನಿಲ್ಲಿಸಲಾಯಿತು. ಬೀಗರು ಎರಡೂ ಕೈಯಿಂದ ಕೀಲಿ ಕೊಟ್ಟರು. ನಾನು ಎರಡೂ ಕೈಯಿಂದ ಇಸಿದುಕೊಂಡೆ. ಗೌರಿ ಬಾಗಿಲ ಮರೆಯಲ್ಲಿ ನಿಂತು, “ಅಪ್ಪಾ, ನೋಡ್ಕೊಂಡ ಹೋಗು” ಎಂದಳು. ಅವಳು ನೋಡುತ್ತಿದ್ದದ್ದು ಗಾಡಿಯನ್ನು.

ಕುಪ್ಪೇಲೂರಿಗೆ ಹೋಗಿ ಬಂದೆ, ಏನೂ ಆಗಲಿಲ್ಲ. ಕುಬಸಕ್ಕೆ ಎರಡು ದಿನ ಇರುವಾಗ ಗುತ್ತಲಕ್ಕೆ ಹೋಗಿ ಮರಳುವಾಗ, ಕಾಲುವೆ ನೀರು ಉಕ್ಕಿ ರಸ್ತೆಗೆ ಬಂದ ಕಡೆ ಕಬ್ಬಿನ ಟ್ರ್ಯಾಕ್ಟರ್ ಒಂದು ನನ್ನನ್ನು ದಾಟಿತು. ದಾಟಿದ್ದು ಟ್ರ್ಯಾಕ್ಟರ್, ಉಳಿದದ್ದು ಎರೆಮಣ್ಣು. ಎರೆಮಣ್ಣಿನ ಸ್ವಭಾವ ಬೀಗತನದಂತೆ, ಒಮ್ಮೆ ಹಿಡಿದರೆ ಬಿಡುವುದಿಲ್ಲ. ಮನೆ ಮುಟ್ಟುವಾಗ ಗಾಡಿಯ ಯಾವ ಭಾಗ ಎಲ್ಲಿದೆಯೆಂದು ನೆನಪಿನಿಂದ ಹೇಳಬೇಕಿತ್ತು.

ಹೆಂಡತಿ ಶಾರದಾ ಹೊರಗೆ ಬಂದು ಗಾಡಿಯನ್ನೂ ನನ್ನನ್ನೂ ನೋಡಿದಳು.

“ಅಲ್ರೀ, ನಾಳೆ ಮುಂಜಾನೆ ಸುಮ್ನ ವಾಟರ್ ಸರ್ವಿಸಿಗೆ ಕೊಟ್ಟಬಿಡ್ರಿ. ತೊಳದು, ಒರಸಿ ಕೊಡ್ತಾರ.”

“ಏನ ಮಾತಾಡ್ತೀ ಶಾರದಾ? ಅವರ ಪೈಪಿನ ಹೊಡತಕ್ಕ ಬೀಗರ ಪೇಂಟ್ ಹಾರಿ ಹೋತಂದ್ರ? ಮೂವತ್ತು ವರ್ಷದ ಪೇಂಟ್ ಅದು.”

“ನೀವು ತೊಳದ್ರ ಹಾರಂಗಿಲ್ಲೇನು?”

“ನಾನು ವಿಜ್ಞಾನದ ಮಾಸ್ತರ.”

“ಅದಕ್ಕ ಅಂಜಿಕಿ ಬರಾಕತ್ತೈತಿ” ಎಂದು ಒಳಗೆ ಹೋದಳು.

ಮರುದಿನ, ಅಂದರೆ ಕುಬಸದ ಹಿಂದಿನ ದಿನ, ಮಧ್ಯಾಹ್ನ ಹನ್ನೆರಡಕ್ಕೆ ನಾನು ಗಾಡಿಯನ್ನು ಅಂಗಳದ ನಟ್ಟನಡುವೆ ನಿಲ್ಲಿಸಿದೆ. ಬಿಸಿಲು ಚೆನ್ನಾಗಿತ್ತು, ಲಗೂ ಒಣಗುತ್ತದೆ ಎಂಬುದು ನನ್ನ ತರ್ಕ. ಬೋರಿನ ನಲ್ಲಿಗೆ ಪೈಪು ಹಚ್ಚಿ, ಸೋಪಿನ ಪುಡಿ ಕದಡಿ, ಟ್ಯಾಂಕಿನಿಂದ ಹಿಡಿದು ಚಕ್ರದ ಕಡ್ಡಿಗಳವರೆಗೆ ಪ್ರತಿ ಅಂಗವನ್ನೂ ಸಾವಕಾಶವಾಗಿ ಉಜ್ಜಿದೆ. ಎರೆಮಣ್ಣು ಹೋಯಿತು. ಕರಿ ಟ್ಯಾಂಕಿನಲ್ಲಿ ನನ್ನ ಮುಖ ಕಂಡಿತು. ಮುಖ ನಗುತ್ತಿತ್ತು. ಗಾಡಿಯನ್ನು ಬಿಸಿಲಿಗೆ ಬಿಟ್ಟು, ಒಳಗೆ ಹೋಗಿ ಎರಡು ರೊಟ್ಟಿ ಹೆಚ್ಚಿಗೆ ತಿಂದೆ.

ಉಂಡು ಹೊರಗೆ ಬಂದರೆ ಟ್ಯಾಂಕಿನ ಮೇಲೆ ಚುಕ್ಕೆಗಳು! ಒಂದಲ್ಲ, ಎರಡಲ್ಲ. ಯಾರೋ ದೊಡ್ಡ ರಂಗೋಲಿಗೆ ಚುಕ್ಕೆ ಇಟ್ಟು, ಗೆರೆ ಎಳೆಯುವ ಮೊದಲು ಎದ್ದು ಹೋದಂತಿತ್ತು. ಮಡ್‌ಗಾರ್ಡಿನ ಮೇಲೆ ಚುಕ್ಕೆ, ಹೆಡ್‌ಲೈಟಿನ ಬಟ್ಟಲಿನ ಮೇಲೆ ಚುಕ್ಕೆ, ಸೈಲೆನ್ಸರಿನ ಮೇಲೆ ಉದ್ದುದ್ದ ಬಿಳಿ ಗೆರೆ. ಬೆರಳಿನಿಂದ ಉಜ್ಜಿದೆ. ಬೆರಳು ಸವೆಯಿತು, ಚುಕ್ಕೆ ಸವೆಯಲಿಲ್ಲ.

ಗಡಸು ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳಿರುತ್ತವೆ. ನೀರು ಆವಿಯಾದಾಗ ಅವು ಬಿಳಿ ಕಲೆಯಾಗಿ ಉಳಿಯುತ್ತವೆ. ಮೂವತ್ತೆರಡು ವರ್ಷ ಈ ಪ್ರಶ್ನೆಗೆ ನಾನು ಐದು ಅಂಕ ಕೊಡುತ್ತ ಬಂದಿದ್ದೇನೆ. ಆ ದಿನ ನನಗೆ ಸೊನ್ನೆ ಬಿತ್ತು.

ಇಂಥ ಹೊತ್ತಿನಲ್ಲಿ ಕಾಂಪೌಂಡಿನ ಆಚೆಯಿಂದ ಒಂದು ತಲೆ ಮೇಲೇಳುತ್ತದೆ. ಅದು ಬಸಣ್ಣನ ತಲೆ. ಬಸಣ್ಣ ನಮ್ಮ ಪಕ್ಕದ ಮನೆಯವನು, ಬೀಜದ ಅಂಗಡಿ ಇಟ್ಟಿದ್ದಾನೆ. ಬೀಜಕ್ಕಿಂತ ಸಲಹೆ ಹೆಚ್ಚು ಬಿತ್ತುತ್ತಾನೆ. ಬೆಳೆ ನಾವು ಉಣ್ಣಬೇಕು.

“ಏನ್ರಿ ಸರ, ಗಾಡಿಗೆ ಸಿಡಬು ಎದ್ದಂಗ ಕಾಣತೈತಲ್ರಿ!”

“ನೀರಿನ ಕಲಿ ಬಸಣ್ಣ.”

“ಅಷ್ಟಕ್ಕ ಯಾಕ ಮಾರಿ ಸಣ್ಣದು ಮಾಡೀರಿ? ನಮ್ಮ ಮನ್ಯಾಗ ತಾಮ್ರದ ಕೊಡ ಹೆಂಗ ತಿಕ್ಕತಾರ್ರಿ? ಹುಣಸಿಹಣ್ಣು. ಹಚ್ಚಿ ತಿಕ್ಕರಿ, ಒಂದ ನಿಮಿಷ.”

ನನ್ನೊಳಗಿನ ಮಾಸ್ತರ ಎದ್ದು ಕೂತ. ಹುಣಸೆಯಲ್ಲಿ ಆಮ್ಲವಿದೆ, ಆಮ್ಲ ಲವಣವನ್ನು ಕರಗಿಸುತ್ತದೆ. ಶಾಸ್ತ್ರ ಮತ್ತು ಬಸಣ್ಣ ಒಂದೇ ಮಾತು ಹೇಳುವುದು ಅಪರೂಪ. ಅಡುಗೆಮನೆಯಲ್ಲಿ ಮರುದಿನದ ಹುಳಿಬುತ್ತಿಗೆಂದು ಶಾರದಾ ದೊಡ್ಡ ಬೋಗುಣಿಯಲ್ಲಿ ಹುಣಸೆಹಣ್ಣು ನೆನೆಸಿಟ್ಟಿದ್ದಳು. ಅವಳು ಕಿರಾಣಿ ಅಂಗಡಿಗೆ ಹೋಗಿದ್ದಳು. ಬೋಗುಣಿಯ ಅರ್ಧವನ್ನು ರಾಷ್ಟ್ರೀಯ ತುರ್ತಿನ ಹೆಸರಿನಲ್ಲಿ ವಶಪಡಿಸಿಕೊಂಡೆ.

ಹಚ್ಚಿದೆ, ತಿಕ್ಕಿದೆ. ಖರೇ ಹೇಳುತ್ತೇನೆ, ಕಲೆ ಹೋಯಿತು! ಬಸಣ್ಣ ಕಾಂಪೌಂಡಿನ ಮೇಲೆ ಮೊಣಕೈ ಊರಿ, ತಾನೇ ತಿಕ್ಕಿದವನಂತೆ ದಣಿವಾರಿಸಿಕೊಂಡ. ಆಮೇಲೆ ಹುಣಸೆಹಣ್ಣಿನ ಅಂಟು ತೊಳೆಯಬೇಕಲ್ಲ? ಬೋರಿನ ನೀರು ಹಾಕಿ ತೊಳೆದೆ.

ಕಲೆ ಬಂತು.

ಈಗ ಬಿಳಿ ಚುಕ್ಕೆಯ ಜೊತೆಗೆ ಚಕ್ರದ ಕಡ್ಡಿಗಳಲ್ಲಿ ಹುಣಸೆಯ ನಾರು ಸಿಕ್ಕಿಕೊಂಡಿತ್ತು. ಓಣಿಯ ಆಡೊಂದು ಗೇಟಿನೊಳಗೆ ಬಂದು ಹಿಂದಿನ ಮಡ್‌ಗಾರ್ಡನ್ನು ರುಚಿ ನೋಡಿತು. ಅಷ್ಟರಲ್ಲಿ ಶಾರದಾ ಬಂದು ಬೋಗುಣಿ ನೋಡಿದಳು.

“ಹುಣಸಿಹಣ್ಣು ಯಾರು ತಿಂದ್ರು?”

“ಗಾಡಿ” ಎಂದೆ. ಸುಳ್ಳು ಹೇಳುವ ಚೈತನ್ಯ ಉಳಿದಿರಲಿಲ್ಲ.

“ಬಸುರಿ ಮಗಳು ನಾಳೆ ಹುಳಿಬುತ್ತಿ ಬೇಡಿದ್ರ, ಏನ ಹೇಳ್ಲಿ? ನಿಮ್ಮಪ್ಪ ನಿನಗಿಂತ ಮೊದಲ ಗಾಡಿ ಬಯಕಿ ತೀರಿಸ್ಯಾನ ಅಂತ ಹೇಳ್ಲೇನು?”

ಬಸಣ್ಣನ ತಲೆ ಕಾಂಪೌಂಡಿನ ಕೆಳಗಿಳಿಯಿತು. ಅವಳು ಒಳಗೆ ಹೋದ ಮೇಲೆ ಮತ್ತೆ ಎದ್ದಿತು. ಈ ಸಲ ತಲೆಯ ಪಕ್ಕದಲ್ಲಿ ಮೊಬೈಲೂ ಇತ್ತು. ಯಾವುದೋ ದೇಶದ ಮನುಷ್ಯನೊಬ್ಬ ತನ್ನ ಗಾಡಿ ತೊಳೆಯುತ್ತಿದ್ದ. ಅವನ ಮಾತು ಬಸಣ್ಣನಿಗೂ ತಿಳಿಯಲಿಲ್ಲ, ನನಗೂ ತಿಳಿಯಲಿಲ್ಲ. ಹಾಗಾಗಿ ಇಬ್ಬರೂ ಧೈರ್ಯದಿಂದ ಅರ್ಥ ಹೇಳಿದೆವು. ಮೂರು ಸಲ ನೋಡಿದ ಮೇಲೆ ಮೂರು ತತ್ವಗಳು ಹೊರಬಂದವು. ನೆರಳಿನಲ್ಲಿ ತೊಳೆಯಬೇಕು. ಮೆದು ನೀರು ಬೇಕು. ಯಾವ ಹನಿಯನ್ನೂ ತಾನಾಗಿ ಒಣಗಲು ಬಿಡದೆ, ಅದಕ್ಕಿಂತ ಮೊದಲೇ ಮೆತ್ತನೆಯ ಬಟ್ಟೆಯಿಂದ ಒರೆಸಿಬಿಡಬೇಕು.

“ಮೆದು ನೀರು ಎಲ್ಲಿ ಐತಿ?” ಎಂದೆ.

“ಕುಡಿಯೂ ನೀರಿನ ಘಟಕದಾಗ ಐತಲ್ರಿ. ನಾಣ್ಯ ಹಾಕಿದ್ರ ಬರತೈತಿ.”

ಸಾಯಂಕಾಲ ಬಸಣ್ಣನ ಅಂಗಡಿಯ ತಳ್ಳುಗಾಡಿ ತೆಗೆದುಕೊಂಡು ನಾವಿಬ್ಬರೂ ಶುದ್ಧ ಕುಡಿಯುವ ನೀರಿನ ಘಟಕಕ್ಕೆ ಹೊರಟೆವು. ಆರು ಕ್ಯಾನು ತುಂಬಿಸಿದೆವು. ನಮ್ಮ ಹಿಂದೆ ಕೊಡ ಹಿಡಿದು ನಿಂತವರು ಮೊದಲನೆಯ ಕ್ಯಾನಿಗೆ ಸುಮ್ಮನಿದ್ದರು, ಮೂರನೆಯದಕ್ಕೆ ಕೆಮ್ಮಿದರು, ಐದನೆಯದಕ್ಕೆ ಮಾತಾಡಿದರು. ಅದನ್ನು ಇಲ್ಲಿ ಬರೆಯುವಂತಿಲ್ಲ. ದಾರಿಯಲ್ಲಿ ಎದುರು ಮನೆಯ ರತ್ನಕ್ಕ ತಡೆದಳು.

“ಮಾಸ್ತರ್ರ, ಕುಬಸ ನಾಳೆ ಅಂದಿದ್ರಿ. ಇವತ್ತ ಐತೇನ್ರಿ?”

“ನಾಳೇನ ಐತವಾ. ಇದು ಜಳಕದ ನೀರು.”

“ಅಯ್ಯ, ಗೌರಿ ಬಂದ್ಲೇನ್ರಿ? ಕುಡಿಯೂ ನೀರಿನ್ಯಾಗ ಎರಿತೀರೇನು? ಎಷ್ಟ ಜೀವ ಮಗಳ ಮ್ಯಾಲೆ!”

“ಗೌರಿಗಲ್ಲ. ಗಾಡಿಗೆ.”

ರತ್ನಕ್ಕ ಕ್ಯಾನುಗಳನ್ನು ಎಣಿಸಿ, ಸೆರಗು ಸರಿಮಾಡಿಕೊಂಡು ಲಗುಬಗೆಯಿಂದ ಹೋದಳು. ಅರ್ಧ ತಾಸಿನಲ್ಲಿ ಓಣಿಯ ನಾಲ್ಕು ಹೆಣ್ಣುಮಕ್ಕಳು ನಮ್ಮ ಬಾಗಿಲಿಗೆ ಬಂದು ನನ್ನ ಆರೋಗ್ಯ ವಿಚಾರಿಸಿದರು. ವಿಚಾರಿಸಿದ್ದು ಶಾರದಾಳ ಹತ್ತಿರ. ನಾನು ಅಲ್ಲಿಯೇ ನಿಂತಿದ್ದೆ!

“ನಿವೃತ್ತಿ ಆದಮ್ಯಾಲೆ ಕೆಲವ್ರಿಗೆ ಹಿಂಗ ಆಗತೈತಿ ಬಿಡವಾ” ಎಂದು ಒಬ್ಬಾಕೆ ಸಮಾಧಾನ ಹೇಳಿದಳು. ಶಾರದಾ, “ಇವರಿಗೆ ಮೊದಲಿಂದ ಐತಿ” ಎಂದಳು.

ಅಂದು ಸಂಜೆಯೇ ಕೂತು ನಾನೊಂದು ಪಾಠಯೋಜನೆ ಬರೆದೆ. ಪಾಠದ ಹೆಸರು: ಬೀಗರ ಗಾಡಿ. ಉದ್ದೇಶ: ಗೌರಿಯ ಹೆರಿಗೆ ತವರಿನಲ್ಲಿ. ಉಪಕರಣಗಳು: ಆರು ಕ್ಯಾನು ನೀರು, ಎರಡು ಬಕೆಟ್ಟು, ಬಸಣ್ಣ. ಮೆತ್ತನೆಯ ಬಟ್ಟೆಯ ಮುಂದೆ ಮಾತ್ರ ಪ್ರಶ್ನಾರ್ಥಕ ಚಿಹ್ನೆ ಹಾಕಿದೆ. ನಮ್ಮ ಟವೆಲ್ಲುಗಳು ಎಳೆ ಬಿಡುತ್ತಿದ್ದವು. ನನ್ನ ಬನಿಯನ್ ನೋಡಿ ಬಸಣ್ಣ, “ಇದರಾಗ ಬಟ್ಟಿಗಿಂತ ಕಿಂಡಿ ಭಾಳ ಅದಾವು” ಎಂದ. ಹಳೆಯ ಇಳಕಲ್ ಸೀರೆಯ ತುಂಡು ಸಿಕ್ಕರೆ ಅದರಂಥ ಮೆತ್ತನೆಯದು ಬೇರೊಂದಿಲ್ಲ ಎಂಬುದು ಅವನ ಅಂತಿಮ ತೀರ್ಪು.

ಕುಬಸದ ದಿನ ಬೆಳಗಾಗುತ್ತಿದ್ದಂತೆ ಗಾಡಿಯನ್ನು ಬೇವಿನ ಗಿಡದ ನೆರಳಿಗೆ ತಂದೆವು. ಹುಣಸೆಯ ನಾರು ಒಂದೊಂದಾಗಿ ಕಿತ್ತೆವು. ಹುಳಿಬುತ್ತಿಯಿಂದ ಕದ್ದ ಹುಣಸೆಯಲ್ಲಿ ಉಳಿದಿದ್ದ ಚೂರನ್ನು ಹಚ್ಚಿ ಹಳೆಯ ಕಲೆ ತೆಗೆದೆವು. ಆಮೇಲೆ ಕ್ಯಾನಿನ ನೀರನ್ನು ತಂಬಿಗೆಯಲ್ಲಿ ತೆಗೆದು, ಲಿಂಗಕ್ಕೆ ಅಭಿಷೇಕ ಮಾಡುವವರಂತೆ ಮೇಲಿನಿಂದ ಹೊಯ್ದೆವು. ಹನಿಗಳು ಟ್ಯಾಂಕಿನ ಮೇಲೆ ನಿಂತವು. ಅವು ತಾವಾಗಿ ಒಣಗುವ ಮೊದಲು ಒರೆಸಬೇಕು!

“ಬಟ್ಟಿ ಸರ, ಬಟ್ಟಿ! ಲಗೂ!” ಎಂದು ಬಸಣ್ಣ ಕೂಗಿದ.

ಶಾರದಾ ಅಡುಗೆಮನೆಯಲ್ಲಿ ಬುತ್ತಿಗಳ ನಡುವೆ ಮುಳುಗಿದ್ದಳು. ಕೇಳಿದರೆ ಬಟ್ಟೆಯ ಬದಲು ಬೇರೇನಾದರೂ ಸಿಗುವ ಸಂಭವವಿತ್ತು. ಸಪ್ಪಳ ಮಾಡದೆ ಹಿಂದಿನ ಕೋಣೆಗೆ ನುಗ್ಗಿದೆ. ಅಲ್ಲಿ ಇನ್ನೂ ಮಬ್ಬುಗತ್ತಲೆ. ಗೋಡೆಯ ಮಾಡದಲ್ಲಿ ಒಂದು ಭರಣಿ. ಭರಣಿಯ ಬಾಯಿಗೆ ಹೊದಿಸಿದ ಕೆಂಪು ಬಟ್ಟೆ. ಮುಟ್ಟಿ ನೋಡಿದೆ. ಹಳೆಯ ಇಳಕಲ್ ಸೀರೆಯ ತುಂಡು! ಇಪ್ಪತ್ತು ವರ್ಷ ಒಗೆಸಿಕೊಂಡು ಬೆಣ್ಣೆಯಾಗಿತ್ತು. ಭರಣಿಯಲ್ಲಿ ಏನಿದೆ ಎಂಬುದು ಆ ಗಳಿಗೆಯಲ್ಲಿ ನನ್ನ ಪಠ್ಯಕ್ರಮದಲ್ಲಿರಲಿಲ್ಲ. ಎಳೆದುಕೊಂಡು ಓಡಿದೆ.

ಒರೆಸತೊಡಗಿದೆ. ಏನು ಒರೆಸಿದೆ! ಒಂದು ಹನಿಗೂ ತಾನಾಗಿ ಒಣಗುವ ಸ್ವಾತಂತ್ರ್ಯ ಕೊಡಲಿಲ್ಲ. ನಡುವೆ ನನಗೆ ನಾಲ್ಕು ಸೀನು ಬಂದವು. ಬಸಣ್ಣನಿಗೆ ಆರು ಬಂದವು.

“ಬೇವಿನ ಹೂವಿನ ಗಾಳಿರಿ ಸರ” ಎಂದ, ಮೂಗು ಒರೆಸಿಕೊಳ್ಳುತ್ತ.

“ಟ್ಯಾಂಕ್ ಸ್ವಲ್ಪ ಕೆಂಪ ಹೊಡದಂಗ ಕಾಣತೈತಲ್ಲ ಬಸಣ್ಣ?”

“ಹೊತ್ತು ಹುಟ್ಟಾಕತ್ತೈತಿ. ಅದರ ಬೆಳಕು ಬಿದ್ದೈತ್ರಿ.”

ಇನ್ನೊಂದು ತಂಬಿಗೆ ನೀರು ಹಾಕಿ, ನನ್ನ ಹೊಸ ಪಂಚೆಯ ಸೆರಗಿನಿಂದ ಟ್ಯಾಂಕನ್ನು ಮತ್ತೊಮ್ಮೆ ಒರೆಸಿದೆ. ಸೂರ್ಯೋದಯ ಹೋಯಿತು. ಕರಿ ಬಣ್ಣ ಕಾಡಿಗೆಯಂತೆ ಹೊಳೆಯಿತು. ಚುಕ್ಕೆ ಇಲ್ಲ, ಗೆರೆ ಇಲ್ಲ, ಮಚ್ಚೆ ಇಲ್ಲ. ಇಲ್ಲಿಗೆ ನಿಲ್ಲಿಸಿದ್ದರೆ ಈ ಬರಹವೇ ಇರುತ್ತಿರಲಿಲ್ಲ.

“ಸೀಟು ಸ್ವಲ್ಪ ಒಣಗಿದಂಗ ಐತ್ರಿ” ಎಂದ ಬಸಣ್ಣ. “ನಮ್ಮ ಗಾಣದ ಶೇಂಗಾ ಎಣ್ಣಿ ನಾಲ್ಕ ಹನಿ ಹಚ್ಚಿಬಿಡೂಣು. ಚರ್ಮ ಮಿಂಚತೈತಿ.”

ಬಸಣ್ಣನ ನಾಲ್ಕು ಹನಿ ಎಂದರೆ ಅರ್ಧ ಬಟ್ಟಲು. ಅದೇ ಕೆಂಪು ಬಟ್ಟೆಯಿಂದ ಎಣ್ಣೆಯನ್ನು ಸೀಟಿಗೆ ಇಳಿಸಿದೆವು. ಕರಿ ಸೀಟು ಎಣ್ಣೆ ಕುಡಿದು ಎಳೆಯ ಕೋಣನ ಬೆನ್ನಿನಂತೆ ಮಿಂಚಿತು. ಇಬ್ಬರೂ ದೂರ ನಿಂತು ನೋಡಿದೆವು. ಬಸಣ್ಣ ಕೈಮುಗಿದ. ನಾನೂ ಮುಗಿಯಲಿದ್ದೆ, ಕೈಯಲ್ಲಿ ಬಟ್ಟೆಯಿತ್ತು.

ಹತ್ತು ಗಂಟೆಗೆ ಬ್ಯಾಡಗಿಯ ಟೆಂಪೊ ಬಂತು. ಗೌರಿ ಇಳಿದಳು, ಅವಳ ಅತ್ತೆ ನೀಲವ್ವ ಇಳಿದರು, ಬಂಧುಬಳಗ ಇಳಿಯಿತು. ಕೊನೆಗೆ ಬೀಗರು ಇಳಿದರು. ಹೊಸ ಬಿಳಿ ಅಂಗಿ; ಹೊಸ ಬಿಳಿ ಧೋತರ, ಇಸ್ತ್ರಿಯ ಗೆರೆ ಕತ್ತಿಯಂತೆ. ಕಾಲಿಗೆ ನೀರು ಕೊಡಲು ಹೋದೆ. “ಇರ್ಲಿ ತಡೀರಿ” ಎಂದು ನೇರವಾಗಿ ಬೇವಿನ ಗಿಡದ ಕೆಳಗೆ ನಡೆದರು.

ಸುತ್ತಲೂ ಒಂದು ಪ್ರದಕ್ಷಿಣೆ. ಬಾಗಿ ನೋಡಿದರು. ಕುಕ್ಕರುಗಾಲಿನಲ್ಲಿ ಕೂತು ಮಡ್‌ಗಾರ್ಡಿನ ಕೆಳಗೆ ನೋಡಿದರು. ತಲೆ ಓರೆಮಾಡಿ ಟ್ಯಾಂಕನ್ನು ಬೆಳಕಿಗೆ ಎದುರಾಗಿ ನೋಡಿದರು. ಗೌರಿ ಒಳಗೆ ಹೋಗದೆ ಬಾಗಿಲಲ್ಲೇ ನಿಂತಿದ್ದಳು. ಪರೀಕ್ಷೆಯ ಕೋಣೆಯಲ್ಲಿ ಮೇಲ್ವಿಚಾರಕನಾಗಿ ಸಾವಿರ ಸಲ ನಿಂತಿದ್ದೇನೆ; ಬೆಂಚಿನಲ್ಲಿ ಕೂತ ಮಕ್ಕಳ ಪಾಡು ಅಂದು ತಿಳಿಯಿತು.

ಬೀಗರು ಎದ್ದು ನಿಂತರು.

“ಬೀಗರ, ಒಂದೂ ನೀರಿನ ಕಲಿ ಇಲ್ಲಲ್ರಿ! ಮೂವತ್ತು ವರ್ಷ ಆತು, ಇಷ್ಟ ಚಂದ ನನ್ನ ಕೈಲೇ ಆಗಿಲ್ಲ. ಹೆಂಗ ತೊಳದ್ರಿ?”

“ಸ್ವಲ್ಪ ವಿಜ್ಞಾನರಿ” ಎಂದೆ, ವಿನಯದಿಂದ ನೆಲ ನೋಡುತ್ತ.

“ಆತು. ನಾ ಮಾತಿಗೆ ತಪ್ಪಾಂವ ಅಲ್ಲ. ಛತ್ರಿ ಮರತಬಿಟ್ಟೆ. ಗೌರಿ ನಿಮ್ಮಲ್ಲೇ ಇರ್ಲಿ” ಎಂದರು, ಎಲ್ಲರಿಗೂ ಕೇಳುವಂತೆ. ಗೌರಿಯ ಮುಖ ಅರಳಿತು. ಬೀಗರಿಗೆ ಖುಷಿ ತಡೆಯಲಾಗಲಿಲ್ಲ. “ಒಂದ ಸುತ್ತ ಹಾಕಿ ಬರ್ತೀನಿ” ಎನ್ನುತ್ತ ಧೋತರ ಸರಿಮಾಡಿಕೊಂಡು ಸೀಟಿನ ಮೇಲೆ ಕೂತರು. ಒಂದೇ ಒದೆತಕ್ಕೆ ಗಾಡಿ ಶುರುವಾಯಿತು.

ಅದೇ ಗಳಿಗೆಯಲ್ಲಿ ಅಡುಗೆಮನೆಯಿಂದ ಶಾರದಾಳ ದನಿ ಬಂತು.

“ಏನ್ರೀ! ಖಾರಪುಡಿ ಭರಣಿ ಮ್ಯಾಲಿನ ಕೆಂಪ ಬಟ್ಟಿ ಎಲ್ಲಿ ಹೋತ್ರಿ? ಪುಡಿಯೆಲ್ಲಾ ಅದಕ್ಕ ಹತ್ತಿತ್ತು!”

ಖಾರಪುಡಿ. ಇಡೀ ವರ್ಷಕ್ಕೆಂದು ಹದಿನೈದು ದಿನದ ಹಿಂದೆ ಗಿರಣಿಗೆ ಹಾಕಿಸಿ ತಂದದ್ದು. ಮೆಣಸಿನಕಾಯಿ ಕಳಿಸಿದವರು ಬೀಗರೇ. ಕೊಡುವಾಗ ಅವರು ಹೇಳಿದ ಮಾತು ಕಿವಿಯಲ್ಲಿ ಮೊಳಗಿತು: ‘ನಮ್ಮ ಬ್ಯಾಡಗಿ ಕಾಯಿಗೆ ಖಾರ ಕಡಿಮಿರಿ, ಬಣ್ಣ ಭಾಳ. ಎಣ್ಣ್ಯಾಗ ಬಿಟ್ರ ನೋಡ್ರಿ ಅದರ ಆಟ!’

ನನ್ನ ತಲೆಯಲ್ಲಿ ಎಂಟನೆಯ ಇಯತ್ತೆಯ ಪಾಠ ತಾನಾಗಿ ತೆರೆದುಕೊಂಡಿತು. ದ್ರಾವ್ಯ: ಖಾರಪುಡಿ. ದ್ರಾವಕ: ಬಸಣ್ಣನ ಗಾಣದ ಶೇಂಗಾ ಎಣ್ಣೆ. ದ್ರಾವಣ: ಬೀಗರ ಕೆಳಗೆ. ಕರಿ ಸೀಟಿನ ಮೇಲೆ ಕೆಂಪು ಕಾಣುವುದಿಲ್ಲ. ಬಿಳಿ ಧೋತರದ ವಿಷಯ ಬೇರೆ.

ಬೀಗರು ಓಣಿಯ ತುದಿಯಿಂದ ತಿರುಗಿ ಬರುತ್ತಿದ್ದರು. ಅಂಗಳದ ತುಂಬ ಜನ. ನಾನು ಎರಡೂ ಕೈ ಎತ್ತಿ ಅಡ್ಡ ಓಡಿದೆ.

“ಬೀಗರ, ಇಳೀಬ್ಯಾಡ್ರಿ! ಇನ್ನೊಂದ ಸುತ್ತ ಹಾಕ್ರಿ!”

“ಯಾಕ್ರಿ?”

“ನಿಮ್ಮ ಹಂಗ ಗಾಡಿ ಮ್ಯಾಲೆ ಕುಂದ್ರವ್ರನ್ನ ನಮ್ಮ ಓಣಿ ನೋಡೇ ಇಲ್ರಿ!”

ಹೊಗಳಿಕೆಗೆ ಬೀಗರು ಇನ್ನೊಂದು ಸುತ್ತು ಹೋದರು. ಬಸಣ್ಣನ ಕಿವಿಯಲ್ಲಿ ವಿಷಯ ಹೇಳಿದೆ. ಅವನು ಸಲಹೆ ಕೊಡಲಿಲ್ಲ. ನಾನು ಅವನನ್ನು ಬಲ್ಲ ಇಷ್ಟು ವರ್ಷಗಳಲ್ಲಿ ಅದೇ ಮೊದಲು. ಬೀಗರು ಮತ್ತೆ ಬಂದರು, ಮತ್ತೆ ಕಳಿಸಿದೆ. ಮೂರನೆಯ ಸಲ ಗಾಡಿ ನಿಲ್ಲಿಸಿ, “ಬೀಗರ, ನಾ ಕುಬಸಕ್ಕ ಬಂದೇನೋ, ಅಡ್ಡಪಲ್ಲಕ್ಕಿ ಉತ್ಸವಕ್ಕ ಬಂದೇನೋ?” ಎಂದು ಇಳಿದೇಬಿಟ್ಟರು. ಇಳಿದು, ಕಾಲು ತೊಳೆಯಲೆಂದು ಅಂಗಳದ ಕಡೆಗೆ ಬೆನ್ನು ಮಾಡಿ ನಿಂತರು.

ಅಂಗಳದ ಕಣ್ಣುಗಳೆಲ್ಲ ಒಂದೇ ಕಡೆ ತಿರುಗಿದವು.

ಧೋತರದ ಹಿಂಭಾಗದಲ್ಲಿ ಸೂರ್ಯ ಮುಳುಗುತ್ತಿದ್ದ. ಅದಕ್ಕಿಂತ ಸಭ್ಯವಾಗಿ ಹೇಳಲು ನನಗೆ ಬಾರದು. ಮೂರು ಸುತ್ತಿನಲ್ಲಿ ಬಣ್ಣ ಚೆನ್ನಾಗಿ ಇಳಿದಿತ್ತು. ಒಂದೇ ಸುತ್ತಿಗೆ ಬಿಟ್ಟಿದ್ದರೆ ಬಹುಶಃ ನಸುಗೆಂಪಿನಲ್ಲಿ ಮುಗಿಯುತ್ತಿತ್ತು. ಆ ಶ್ರೇಯಸ್ಸೂ ನನ್ನದೇ.

ಮೊದಲು ಬಾಯಿ ಬಿಟ್ಟವಳು ರತ್ನಕ್ಕ. “ಅಯ್ಯ ಶಿವನ! ಬೀಗರು ಎದರಾಗ ಕುಂತ ಬಂದ್ರವಾ?”

ಬೀಗರು ಕತ್ತು ತಿರುಗಿಸಿದರು. ಧೋತರವನ್ನು ಮುಂದಕ್ಕೆ ಎಳೆದು ನೋಡಿದರು. ನಲವತ್ತು ವರ್ಷ ಬ್ಯಾಡಗಿ ಪೇಟೆ ಮಾಡಲಾರದ್ದನ್ನು ರಾಣೆಬೆನ್ನೂರಿನ ಒಬ್ಬ ನಿವೃತ್ತ ಮಾಸ್ತರ ಮಾಡಿ ತೋರಿಸಿದ್ದ. ಅವರು ಬಟ್ಟೆಯನ್ನು ಎರಡು ಬೆರಳಿನಲ್ಲಿ ಉಜ್ಜಿದರು. ಮೂಗಿಗೆ ಹಿಡಿದರು. ಮುಖಕ್ಕೆ ಏರುತ್ತಿದ್ದ ಸಿಟ್ಟು ಅರ್ಧಕ್ಕೇ ಇಳಿಯಿತು. ಅದರ ಜಾಗದಲ್ಲಿ ವ್ಯಾಪಾರಸ್ಥ ಎದ್ದ.

“ಇದು ನಮ್ಮಂಗಡೀದು. ಡಬ್ಬಿ ಜಾತಿ ಮೆಣಸಿನಕಾಯಿ. ಈ ವರ್ಷದ್ದು.”

“ಹೌದ್ರಿ” ಎಂದೆ.

“ಯಾವ ಎಣ್ಣ್ಯಾಗ ಬಿಟ್ರಿ?”

“ಶೇಂಗಾದ್ರಿ. ಖಾರಪುಡಿ ಭರಣಿ ಬಟ್ಟೀಲೆ ಸೀಟಿಗೆ ಹಚ್ಚಿದ್ದೆ.”

“ಹೋತ ಬಿಡ್ರಿ ಮತ್ತ. ಏಳು ಸಲ ಒಗದ್ರೂ ಹೋಗಂಗಿಲ್ಲ ಇದು” ಎಂದು, ತಮ್ಮ ಬಳಗದವರ ಕಡೆ ತಿರುಗಿ ಧೋತರ ಎತ್ತಿ ಹಿಡಿದರು. “ನೋಡ್ರಪಾ ಬಣ್ಣ! ಬರೇ ಒಂದ ಬಟ್ಟಿಗೆ ಹತ್ತಿದ ಪುಡೀಲೆ ಇಷ್ಟ ಬಂದೈತಿ! ನಾ ಹೇಳಿದ್ರ ಗಿರಾಕಿ ನಂಬಂಗಿಲ್ಲ!”

ಗೌರಿ ಸೆರಗು ಬಾಯಿಗೆ ಒತ್ತಿಕೊಂಡು ಬಾಗಿಲಿಗೆ ಒರಗಿದ್ದಳು. ಮಾವನ ಎದುರು ನಗಬಾರದೆಂಬ ಶಿಸ್ತಿನ ಹುಡುಗಿ ಹೊಟ್ಟೆ ಹಿಡಿದುಕೊಂಡು, “ಅಪ್ಪಾ… ಅಪ್ಪಾ…” ಎನ್ನುತ್ತಿದ್ದಳು. ನೀಲವ್ವನವರಂತೂ ಕಟ್ಟೆಯ ಮೇಲೆ ಕೂತೇಬಿಟ್ಟರು. ಬೀಗರು ಒಮ್ಮೆ ಸೊಸೆಯನ್ನು, ಒಮ್ಮೆ ಹೆಂಡತಿಯನ್ನು ನೋಡಿದರು. ಆಮೇಲೆ ಅವರ ಹೊಟ್ಟೆಯೂ ಕುಣಿಯತೊಡಗಿತು.

ಆದರೆ ನನ್ನ ಎದೆಯಲ್ಲಿ ಒಂದೇ ಪ್ರಶ್ನೆ. ಕೇಳಿಯೇಬಿಟ್ಟೆ. “ಬೀಗರ, ಗೌರಿ ಮಾತು…?”

ಬೀಗರು ಗಂಟಲು ಸರಿಮಾಡಿಕೊಂಡರು. ಆದರೆ ತೀರ್ಪು ಕೊಟ್ಟವರು ನೀಲವ್ವ.

“ಮಾತು ಆಗಿದ್ದು ಗಾಡೀದು, ಧೋತರದ್ದಲ್ಲ. ಗಾಡಿ ಚಂದ ಬಂದೈತಿ. ಗೌರಿ ಇಲ್ಲೇ ಇರ್ತಾಳ” ಎಂದರು. ಶಾರದಾ ನಿಟ್ಟುಸಿರು ಬಿಟ್ಟಳು. ನೀಲವ್ವ ಬೆರಳೆತ್ತಿದರು. “ಆದ್ರ ಒಂದ ಕರಾರು. ಕೂಸಿಗೆ ಎಣ್ಣಿ ಹಚ್ಚೂದು, ನೀರ ಎರಿಯೂದು, ಒರಸೂದು… ಈ ಮೂರು ಕೆಲಸಕ್ಕ ಮಾಸ್ತರು ಕೈ ಹಚ್ಚಬಾರದು.”

ಎಲ್ಲರೂ ಒಪ್ಪಿದರು. ಎಲ್ಲರಿಗಿಂತ ಜೋರಾಗಿ ಒಪ್ಪಿದವಳು ನನ್ನ ಹೆಂಡತಿ. ಕುಬಸ ಚೆನ್ನಾಗಿ ನಡೆಯಿತು. ಹುಳಿಬುತ್ತಿಯಲ್ಲಿ ಹುಳಿ ಕಡಿಮೆಯಿತ್ತೆಂದು ಯಾರೋ ಅಂದರು. ಗಾಡಿಯನ್ನು ಕೇಳಿ ಎಂದು ಶಾರದಾ ಹೇಳಿದಳು. ಸಾಯಂಕಾಲ ಬೀಗರು ನನ್ನ ಪಂಚೆ ಉಟ್ಟು, ಸೀಟಿನ ಮೇಲೆ ಎರಡು ಪದರು ಗೋಣಿಚೀಲ ಹಾಸಿಕೊಂಡು ಬ್ಯಾಡಗಿಗೆ ಹೊರಟರು. ಬೇವಿನ ಗಿಡದಿಂದ ಗೇಟಿನವರೆಗೆ ಬಿದ್ದ ಬಿಸಿಲಿನಲ್ಲಿ ಆ ಟ್ಯಾಂಕು ಹೊಳೆದ ರೀತಿಯನ್ನು ನಾನು ಮರೆಯಲಾರೆ. ಉಳಿದವರು ಅದನ್ನು ಗಮನಿಸಲಿಲ್ಲ.

ಮೊಮ್ಮಗ ಹುಟ್ಟಿ ಈಗ ನಾಲ್ಕು ತಿಂಗಳು. ಕರಾರು ಇನ್ನೂ ಜಾರಿಯಲ್ಲಿದೆ. ಕೂಸಿನ ಜಳಕದ ಹೊತ್ತಿನಲ್ಲಿ ಘಟಕದಿಂದ ನೀರಿನ ಕ್ಯಾನು ತಂದು ಬಚ್ಚಲಮನೆಯ ಬಾಗಿಲಲ್ಲಿಟ್ಟು ಮೂರು ಹೆಜ್ಜೆ ಹಿಂದೆ ಸರಿಯುವುದಷ್ಟೇ ನನ್ನ ಅಧಿಕಾರ.

ಬೀಗರ ಧೋತರ ನನ್ನ ಹತ್ತಿರವೇ ಇದೆ. ಛತ್ರಿಯ ಹಾಗೆ ಇದನ್ನೂ ಕಳೆದುಕೊಂಡ ಎನಿಸಿಕೊಳ್ಳಬಾರದೆಂದು, ಸ್ವಚ್ಛ ಮಾಡಿಯೇ ಕೊಡುತ್ತೇನೆಂದು ಮಾತು ಕೊಟ್ಟಿದ್ದೇನೆ. ಏಳು ಸಲ ಒಗೆದರೂ ಹೋಗುವುದಿಲ್ಲ ಎಂದು ಅವರು ಹೇಳಿದ್ದು ವ್ಯಾಪಾರದ ಉತ್ಪ್ರೇಕ್ಷೆ ಎಂದುಕೊಂಡಿದ್ದೆ. ಇಲ್ಲಿಯವರೆಗೆ ಹತ್ತೊಂಬತ್ತು ಸಲ ಒಗೆದಿದ್ದೇನೆ. ಮೆದು ನೀರಿನಲ್ಲಿ ಅದ್ದಿ, ನೆರಳಿನಲ್ಲಿ ಒಣಗಿಸಿ, ಶಾಸ್ತ್ರೋಕ್ತವಾಗಿ.

ಧೋತರದ ಸೂರ್ಯ ಇನ್ನೂ ಮುಳುಗಿಲ್ಲ. ನೀರಿನ ಕಲೆ ಮಾತ್ರ ಒಂದೂ ಬಿದ್ದಿಲ್ಲ.